‘ಕೊಬ್ಬು ಹೆಚ್ಚುತ್ತದೆ’ ಎಂದರೆ ಸಾಲದು, ಯಾವ ಕೊಬ್ಬು ಹೇಳಿ

ನಮಸ್ಕಾರ,

ಚರ್ಮದ ಕ್ಯಾನ್ಸರ್ ಹರಡುವಾಗ ಕೊಬ್ಬಿನ ರಸಾಯನ ಹೇಗೆ ಬದಲಾಗುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡಬೇಡಿ.

‘ಕ್ಯಾನ್ಸರ್ ಹರಡಿದಂತೆ ಕೊಬ್ಬು ಹೆಚ್ಚುತ್ತದೆ’ ಎಂದು ಶುರುಮಾಡಿದ್ದೀರಿ. ಯಾವ ಕ್ಯಾನ್ಸರ್? ನೀವು ಆಧರಿಸಿದ ಪ್ರಯೋಗಗಳೆಲ್ಲ ಮೆಲನೋಮಾದವು, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರಿನವು. ಚರ್ಮದ್ದೇ ಇನ್ನೊಂದು ಬಗೆಯಾದ ಬೇಸಲ್ ಸೆಲ್ ಕ್ಯಾನ್ಸರ್ ದೂರದ ಅಂಗಗಳಿಗೆ ಹೋಗುವುದೇ ಅಪರೂಪ. ಇನ್ನು ಕೊಬ್ಬು: ಎಷ್ಟು ಎನ್ನುವುದಕ್ಕಿಂತ ಯಾವುದು ಎನ್ನುವುದೇ ಇಲ್ಲಿ ಮುಖ್ಯ. ಕೊಬ್ಬಿನ ಘಟಕವಾದ ಒಲೀಕ್ ಆಮ್ಲದಲ್ಲಿ 18 ಇಂಗಾಲ, ಒಂದು ದ್ವಿಬಂಧ (ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ). ಲಿನೊಲೀಕ್‌ನಲ್ಲೂ 18 ಇಂಗಾಲವೇ, ದ್ವಿಬಂಧ ಮಾತ್ರ ಎರಡು. ಆ ಎರಡರ ನಡುವೆ ಸಿಕ್ಕಿಕೊಂಡ ಇಂಗಾಲದಿಂದ ಹೈಡ್ರೋಜನ್ ಸುಲಭವಾಗಿ ಕಿತ್ತುಬರುತ್ತದೆ, ಆಮ್ಲಜನಕ ಅಲ್ಲಿ ಬಂದು ಕೂರುತ್ತದೆ. ಹುಚ್ಚೆಳ್ಳು ಚಟ್ನಿಪುಡಿ ಬೇಗ ಕಮಟು ಹಿಡಿಯುವುದು ಇದರಿಂದಲೇ, ಅದರ ಎಣ್ಣೆಯಲ್ಲಿ ಬಹುಪಾಲು ಲಿನೊಲೀಕ್. ಜೀವಕೋಶದ ಪೊರೆಯಲ್ಲೂ ಹೀಗೇ ಆಗಿ, ಕಬ್ಬಿಣ ಅದಕ್ಕೆ ಕುಮ್ಮಕ್ಕು ಕೊಟ್ಟರೆ, ಪೊರೆ ಹಾಳಾಗಿ ಕೋಶ ಸಾಯುತ್ತದೆ. 2012ರಲ್ಲಿ ಈ ಸಾವಿಗೆ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು.

‘ನಂತರ ಕ್ಯಾನ್ಸರ್ ರಕ್ತದ ಮೂಲಕ ಹರಡುತ್ತದೆ’ ಎಂದು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ಜಾಗವೇ ಲೇಖನದ ಜೀವ. ಮೆಲನೋಮಾ ಬಹಳ ಸಲ ಮೊದಲು ದುಗ್ಧರಸದ (ಅಂಗಾಂಶಗಳಿಂದ ಬಸಿದು ತನ್ನದೇ ನಾಳಗಳಲ್ಲಿ ಹರಿಯುವ ದ್ರವ, ಲಿಂಫ್) ದಾರಿ ಹಿಡಿಯುತ್ತದೆ. ಏಕೆ? ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಇಲಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರವಿದೆ: ರಕ್ತಕ್ಕಿಂತ ದುಗ್ಧರಸದಲ್ಲಿ ಒಲೀಕ್ ಆಮ್ಲ ಮತ್ತು ಗ್ಲುಟಾಥಯೋನ್ (ಕೊಬ್ಬು ಹೀಗೆ ಕೆಡದಂತೆ ಕೋಶವನ್ನು ಕಾಯುವ ವಸ್ತು) ಹೆಚ್ಚು, ಬಿಡಿ ಕಬ್ಬಿಣ ಕಡಿಮೆ. ಎಸಿಎಸ್‌ಎಲ್3 ಎಂಬ ಕಿಣ್ವದ ನೆರವಿನಿಂದ ಆ ಒಲೀಕ್ ಪೊರೆ ಸೇರಿ, ಒಂದೇ ದ್ವಿಬಂಧವಿರುವುದರಿಂದ ಸುಲಭವಾಗಿ ಕೆಡದೆ, ಕೋಶಕ್ಕೆ ಕವಚವಾಗುತ್ತದೆ, ಹಾಗೆ ಗಟ್ಟಿಯಾದ ಕೋಶ ಮುಂದೆ ರಕ್ತದಲ್ಲೂ ಬದುಕುತ್ತದೆ. ಇದಕ್ಕೆ ಎರಡು ಪುಟ ಕೊಡಿ.

ಅಳತೆಯ ಭಾಗದಲ್ಲಿ ‘ಕೋಶಗಳ ಕೊಬ್ಬನ್ನು ಅಳೆದರು’ ಎಂದಷ್ಟೇ ಇದೆ. ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು ಬೆರೆಸಿ ಕೊಬ್ಬನ್ನು ಹೊರತೆಗೆಯುವುದು ಹಳೆಯ, ಈಗಲೂ ಚಾಲ್ತಿಯ ವಿಧಾನ. ತೂಕ ಗೊತ್ತಿರುವ, ಹೋಲಿಕೆಗೆಂದೇ ಬಳಸುವ ಗುರುತಿನ ಲಿಪಿಡ್ಡನ್ನು (ಕೊಬ್ಬನ್ನು) ಅದಕ್ಕೂ ಮುಂಚೆಯೇ ಹಾಕಬೇಕು. ಆಮೇಲೆ ಹಾಕಿದರೆ ಹೊರತೆಗೆಯುವಾಗ ಎಷ್ಟು ನಷ್ಟವಾಯಿತೆಂದು ತಿಳಿಯುವುದಿಲ್ಲ. ಮಾದರಿಯನ್ನು ಮೈನಸ್ 80 ಡಿಗ್ರಿಯಲ್ಲಿಡದೆ ಮೇಜಿನ ಮೇಲೆ ಬಿಟ್ಟರೆ ಅದು ಅಲ್ಲೇ ಕಮಟಾಗುತ್ತದೆ, ಆಗ ಯಂತ್ರ ತೋರಿಸುವುದು ರೋಗವನ್ನಲ್ಲ, ನಮ್ಮ ಅಜಾಗರೂಕತೆಯನ್ನು. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಕರುವಿನ ಸೀರಮ್ಮಿನ (ರಕ್ತದ ತಿಳಿಭಾಗದ) ಕೊಬ್ಬೇ ಆಹಾರ ಎಂಬುದನ್ನೂ ಓದುಗರಿಗೆ ಹೇಳಿ.

ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಹರಡುವುದು ನಿಲ್ಲುತ್ತದೆ ಎಂದಿದ್ದೀರಿ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಆ್ಯಂಟಿಆಕ್ಸಿಡೆಂಟ್ ಕೊಟ್ಟ ಇಲಿಗಳಲ್ಲಿ ಮೆಲನೋಮಾ ದೂರದ ಅಂಗಗಳಿಗೆ ಹೆಚ್ಚೇ ಹರಡಿತು. ರೋಗಿಯ ಮನೆಯವರು ಇದನ್ನು ಓದಿ ಮಾತ್ರೆ ತಂದುಕೊಟ್ಟರೆ? ಅಡುಗೆ ಎಣ್ಣೆ ಬದಲಿಸಿ ಎಂಬ ಸಲಹೆಯೂ ಬೇಡ. ಇಲಿಯ ದುಗ್ಧರಸದಿಂದ ನಮ್ಮ ಬಾಣಲೆಗೆ ನೇರ ದಾರಿಯಿಲ್ಲ.

ದುಗ್ಧರಸದಿಂದಲೇ ಶುರುಮಾಡಿ ಹೊಸದಾಗಿ ಬರೆದು ಕಳಿಸಿ, ಓದಲು ಕಾದಿರುತ್ತೇವೆ.