ಪಿಯು ಕೊಠಡಿಗೇ ವಿಶ್ವವಿದ್ಯಾಲಯ ಬರಲಿ

ಕುಷ್ಟಗಿಯ ಪಿಯು ಇತಿಹಾಸ ಉಪನ್ಯಾಸಕರೊಬ್ಬರು ಬರೆದಿದ್ದಾರೆ: "ಅಮೆರಿಕದಲ್ಲಿ ಹೈಸ್ಕೂಲಿನಲ್ಲೇ ವಿಶ್ವವಿದ್ಯಾಲಯದ ಪಾಠ ಹೇಳಿ, ಮುಂದೆ ಪದವಿಗೆ ಲೆಕ್ಕವಾಗುವಂತೆ ಕ್ರೆಡಿಟ್, ಅಂದರೆ ಕಲಿತದ್ದಕ್ಕೆ ಅಂಕ, ಕೊಡುತ್ತಾರಂತೆ. ನಮ್ಮಲ್ಲೂ ಅದು ಬರಬೇಕೆಂದು ಸಭೆಯೊಂದರಲ್ಲಿ ಯಾರೋ ಹೇಳುವುದನ್ನು ಕೇಳಿದೆ. ನಮ್ಮ ಮಕ್ಕಳಿಗೆ ಪಿಯು ಪಾಸಾಗುವುದರಲ್ಲೇ ಸಾಕುಸಾಕಾಗುತ್ತದೆ. ಇದು ಫೀ ವಸೂಲಿಗೆ ಇನ್ನೊಂದು ದಾರಿಯಾಗುವುದಿಲ್ಲವೇ?"

ಗುರುಗಳೇ, ಫೀ ವಿಷಯದಲ್ಲಿ ನಿಮ್ಮ ಅಂಜಿಕೆ ಸರಿ. ಮಕ್ಕಳ ಕಡೆಯಿಂದ ಒಂದು ರೂಪಾಯಿ ಕೇಳಿದರೂ ಈ ಯೋಜನೆ ಕೆಟ್ಟಂತೆ. ಉಳಿದದ್ದಕ್ಕೆಲ್ಲ ನಾನು ನಿಮ್ಮ ಎದುರು ಪಕ್ಷ.

ಇದರ ಒಂದು ಹಳೆಯ ಮಾದರಿ ನೋಡಿ. 1972ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಸುತ್ತಲಿನ ಶಾಲೆಗಳ ಮುಖ್ಯಸ್ಥರೇ ಅಲ್ಲಿನ ವಿಶ್ವವಿದ್ಯಾಲಯದ ಬಾಗಿಲಿಗೆ ಹೋದರು. ಕೊನೆಯ ವರ್ಷದ ಮಕ್ಕಳು ಮಾಡಲು ಏನೂ ಉಳಿಯದೆ ಬೇಸತ್ತಿದ್ದಾರೆ, ಏನಾದರೂ ಕೊಡಿ ಎಂದರು. ಹಾಗೆ 'ಪ್ರಾಜೆಕ್ಟ್ ಅಡ್ವಾನ್ಸ್' ಶುರುವಾಯಿತು. ಪಾಠ ಹೇಳುವವರು ಶಾಲೆಯ ಮಾಸ್ತರರೇ. ವಿಶ್ವವಿದ್ಯಾಲಯ ಅವರನ್ನು ಬೇಸಿಗೆಯಲ್ಲಿ ಕರೆಸಿ ತರಬೇತಿ ಕೊಡುತ್ತದೆ, ತನ್ನ ಪಠ್ಯ ಕೊಡುತ್ತದೆ, ನಡುವೆ ಬಂದು ತರಗತಿಯಲ್ಲಿ ಕೂತು ನೋಡುತ್ತದೆ. ಮಿನ್ನೆಸೋಟ ರಾಜ್ಯ 1985ರಲ್ಲಿ ಬೇರೆ ದಾರಿ ಹಿಡಿಯಿತು: ಸರ್ಕಾರದ ಖರ್ಚಿನಲ್ಲಿ ಮಕ್ಕಳೇ ಕಾಲೇಜಿಗೆ ಹೋಗಬಹುದು. ನಮಗೆ ಸಿರಾಕ್ಯೂಸಿನದೇ ಸರಿ. ಹನುಮಸಾಗರದ ಹುಡುಗಿಗೆ ಕೊಪ್ಪಳಕ್ಕೆ ಹೋಗು ಎಂದರೆ ಮೊದಲು ಬಸ್ಸು ಸಿಗಬೇಕು, ಆಮೇಲೆ ಮನೆಯವರು ಒಪ್ಪಬೇಕು.

ಇಲ್ಲಿ ಕಾಗದದ ಮೇಲೆ ಅಡ್ಡಿ ಕಡಿಮೆ. ಕ್ರೆಡಿಟ್ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ 2021ರಲ್ಲೇ ಬಂತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಓದನ್ನೂ ಲೆಕ್ಕಕ್ಕೆ ತಂದಿತು: ವರ್ಷಕ್ಕೆ 1200 ಗಂಟೆ ಕಲಿಕೆ, 40 ಕ್ರೆಡಿಟ್.

ಮಕ್ಕಳಿಗೆ ಹೊರೆ ಎಂದಿರಿ. ನಾನು ಮಾನ್ವಿ ಕಡೆಯ ಹಳ್ಳಿಯವನು. ಪಿಯು ಮುಗಿಸಿ ಪದವಿಗೆ ಸೇರಿದಾಗ ನಮ್ಮೂರ ಕಡೆಯವರು ಆರು ಜನ ಇದ್ದೆವು, ವರ್ಷ ಮುಗಿಯುವುದರೊಳಗೆ ಇಬ್ಬರಾದೆವು. ಬಿಟ್ಟುಹೋದ ನಾಲ್ವರೂ ನನಗಿಂತ ಜಾಣರು. ಪ್ರಬಂಧ ಬರೆದು ತನ್ನಿ ಎಂದರೆ ಎಲ್ಲಿಂದ ಶುರುಮಾಡಬೇಕು, ಗ್ರಂಥಾಲಯದಲ್ಲಿ ಪುಸ್ತಕ ಕೇಳುವುದು ಹೇಗೆ, ಅರ್ಥವಾಗದಿದ್ದರೆ ಯಾರ ಮುಂದೆ ನಿಲ್ಲಬೇಕು? ಯಾರೂ ತೋರಿಸಲಿಲ್ಲ. ಕಾಲೇಜಿನಲ್ಲಿ ನೋಟ್ಸ್ ಬರೆಸಿದರು, ಹಾಜರಿ ಹಾಕಿದರು, ಅಷ್ಟೇ. ಪ್ರಬಂಧ ಬರೆಯುವ, ಪುಸ್ತಕ ಹುಡುಕುವ ಆ ಕೆಲಸವನ್ನು ಒಂದು ವರ್ಷ ಮೊದಲು, ತಮ್ಮದೇ ಊರಿನಲ್ಲಿ, ಪರಿಚಯದ ಗುರುಗಳ ಮುಂದೆ ಕನ್ನಡದಲ್ಲಿ ಮಾಡಿದ್ದರೆ ಆ ನಾಲ್ವರು ಉಳಿಯುತ್ತಿದ್ದರು ಎಂದು ನಾನು ಇಂದಿಗೂ ನಂಬಿದ್ದೇನೆ.

ನೀವೋ ಇತಿಹಾಸದವರು! ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ರಾಜ ಅಶೋಕನೇ ಎಂದು ಖಚಿತಪಡಿಸಿದ್ದು 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಸಿಕ್ಕ ಮಸ್ಕಿ ಶಾಸನ. ಆ ಶಾಸನಗಳ ಬ್ರಾಹ್ಮಿ ಲಿಪಿಯ ಹತ್ತು ಅಕ್ಷರ ಕಲಿತು ಆ ಬಂಡೆಯ ಮುಂದೆ ನಿಂತು ಓದಿದ ಮಗುವಿಗೆ ಎರಡು ಕ್ರೆಡಿಟ್ ಕೊಟ್ಟರೆ ಅದು ಹೊರೆಯೇ? ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಸಿಂಧನೂರಿನ ಪಿಯು ಮಕ್ಕಳಿಗೆ ಅವರ ಗದ್ದೆಯ ಮಣ್ಣನ್ನೇ ಪರೀಕ್ಷಿಸುವುದು ಕಲಿಸಿದರೆ ಯಾವ ಅಪ್ಪ ಬೇಡ ಅನ್ನುತ್ತಾನೆ?

ನನ್ನ ಸಿಟ್ಟು ಇರುವುದು ಬೇರೆ ಕಡೆ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಹೆಸರು ಕಲ್ಯಾಣ ಕರ್ನಾಟಕವಾಯಿತು. ಬಳ್ಳಾರಿಗೆ 2010ರಲ್ಲಿ ವಿಶ್ವವಿದ್ಯಾಲಯ ಸಿಕ್ಕಿತು, ರಾಯಚೂರು ಕೊಪ್ಪಳಗಳಿಗೂ ಆಮೇಲೆ ಸಿಕ್ಕವು. ಆದರೆ ಊರಿನವರಿಗೆ ವಿಶ್ವವಿದ್ಯಾಲಯ ಅಂದರೆ ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವ ಕಚೇರಿ. ಪಾಠಕ್ಕೆ ಅತಿಥಿ ಉಪನ್ಯಾಸಕರು, ಅವರ ಗೌರವಧನಕ್ಕೆ ಕಾಯುವಿಕೆ. 2025ರಲ್ಲಿ ಕೊಪ್ಪಳವೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ಹಳ್ಳಿಗಳ ತಂದೆತಾಯಂದಿರು ಬೀದಿಗೆ ಬಂದದ್ದನ್ನು ನಾನು ಕಾಣಲಿಲ್ಲ. ಹೇಗೆ ಬಂದಾರು? ಅದು ಅವರ ಮಗುವಿನ ತರಗತಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಪ್ರತಿ ತಾಲ್ಲೂಕಿನ ಪಿಯು ಕಾಲೇಜಿನಲ್ಲಿ ಅದರದ್ದೊಂದು ಪಾಠ ನಡೆದಿದ್ದರೆ ಮುಚ್ಚುವ ಮಾತು ಎತ್ತಲು ಯಾರಾದರೂ ಹತ್ತು ಸಲ ಯೋಚಿಸುತ್ತಿದ್ದರು.

ನಿಮ್ಮಂಥವರೇ ಬೇಡ ಎಂದರೆ ಈ ಕೆಲಸಕ್ಕೆ ನಾವು ಯಾರನ್ನು ಹುಡುಕೋಣ? ನಿಮ್ಮ ದ್ವಿತೀಯ ಪಿಯು ಮಕ್ಕಳಲ್ಲಿ ಎಷ್ಟು ಮಂದಿ ಗವಿಮಠದ ಶಾಸನ ಕಂಡಿದ್ದಾರೆ, ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ