ಯಾವ ಕೈ? ಎಲ್ಲಿ ಹಿಡಿದ?

ನಮಸ್ಕಾರ. ಸುಮೊ ಜಟ್ಟಿ ಚಿಯೊನೊಫುಜಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಇಸವಿಗಳೂ ಸರಿ. ಆದರೆ ಈ ರೂಪದಲ್ಲಿ ಪ್ರಕಟಿಸಲಾರೆ.

‘1981ರ ಜನವರಿಯಲ್ಲಿ ಕಿತಾನೊಉಮಿಯನ್ನು ಮಿಂಚಿನಂತೆ ಚಿತ್ ಮಾಡಿ ಮೊದಲ ಪ್ರಶಸ್ತಿ ಗೆದ್ದ’ ಎನ್ನುತ್ತೀರಿ. ಚಿತ್ ನಮ್ಮ ಗರಡಿಯ ಮಾತು. ಅಲ್ಲಿ ಬೆನ್ನು ಮಣ್ಣಿಗೆ ತಾಗಬೇಕು. ಸುಮೊದಲ್ಲಿ ಅಂಗಾಲು ಬಿಟ್ಟು ಮೈಯ ಯಾವ ಭಾಗ ನೆಲ ಮುಟ್ಟಿದರೂ, 4.55 ಮೀಟರಿನ ವೃತ್ತದಾಚೆ ಕಾಲಿಟ್ಟರೂ ಸೋಲೇ. ಇನ್ನು ‘ಮಿಂಚಿನಂತೆ’ ಎಂದರೆ ಓದುಗನಿಗೆ ಏನು ಕಂಡಿತು? 14 ದಿನ ಸೋಲದೆ ಬಂದ ಚಿಯೊನೊಫುಜಿಯನ್ನು ಕೊನೆಯ ದಿನ ಕಿತಾನೊಉಮಿ ಎತ್ತಿ ವೃತ್ತದಾಚೆ ಇಟ್ಟ. ಗೆಲುವಿನ ಲೆಕ್ಕದಲ್ಲಿ ಇಬ್ಬರೂ ಸಮನಾದರು. ನಿರ್ಣಾಯಕ ಸೆಣಸಿನಲ್ಲಿ ಚಿಯೊನೊಫುಜಿ ಎದುರಾಳಿಯ ತೋಳಿನ ಮೇಲಿಂದ ಕೈ ಹಾಕಿ, ಮವಾಶಿ, ಅಂದರೆ ಸೊಂಟಕ್ಕೆ ಸುತ್ತುವ ದಪ್ಪ ಪಟ್ಟಿ, ಹಿಡಿದು, ಮುಂದಕ್ಕೆಳೆದು ಕೆಡವಿದ. ಆ ಸೋಲನ್ನು ನೀವು ಹೇಳೇ ಇಲ್ಲ!

ನಾನು ಕೆಲಸ ಕಲಿಯುವಾಗ ಹಿರಿಯರೊಬ್ಬರು ‘ಮಣಿಸಿದ’ ಎಂದು ಬರೆದಲ್ಲೆಲ್ಲ ಗೆರೆ ಎಳೆದು, ಪಕ್ಕದಲ್ಲಿ ‘ಯಾವ ಕೈ?’ ಎಂದು ಬರೆಯುತ್ತಿದ್ದರು.

ನನ್ನನ್ನು ಇನ್ನೂ ಕಾಡಿದ್ದು ಭುಜದ ಸಂಗತಿ. ಮೂರನೇ ಪ್ಯಾರಾದಲ್ಲಿ ‘ಗಾಯಗಳು ಕಾಡಿದವು’, ಏಳನೆಯದರಲ್ಲಿ ‘ವಿಶಿಷ್ಟ ಶೈಲಿ’. ಎರಡೂ ಒಂದೇ ಕಥೆ, ಸ್ವಾಮಿ. ಹರೆಯದಲ್ಲಿ ಚಿಯೊನೊಫುಜಿ ತನಗಿಂತ ದೊಡ್ಡವರನ್ನು ತೋಳ್ಬಲದಿಂದಲೇ ಎಸೆಯಲು ಹೋಗುತ್ತಿದ್ದ. ಭಾರವೆಲ್ಲ ಭುಜದ ಕೀಲಿಗೆ ಬಿದ್ದು ಅದು ಮತ್ತೆ ಮತ್ತೆ ತಪ್ಪಿತು. ದಿನವೂ ಪುಷ್-ಅಪ್ ಹೊಡೆದು ಕೀಲಿನ ಸುತ್ತ ಮಾಂಸಖಂಡ ಬೆಳೆಸಿದ; ಜೊತೆಗೆ ಪಟ್ಟನ್ನೇ ಬದಲಿಸಿದ. ನುಗ್ಗಿದೊಡನೆ ತಲೆಯನ್ನು ಎದುರಾಳಿಯ ಎದೆಗೊತ್ತಿ, ಎಡಗೈಯಿಂದ ಹೊಟ್ಟೆಯ ಮುಂದಿನ ಮವಾಶಿ ಹಿಡಿಯುವುದು. ಮೊಣಕೈ ಪಕ್ಕೆಗೆ ಅಂಟಿರಬೇಕು. ಸಡಿಲಾದರೆ ಎದುರಿನವನ ಕೈ ಒಳಗೆ ನುಸುಳುತ್ತದೆ, ಭುಜಕ್ಕೂ ಜಗ್ಗು ಬೀಳುತ್ತದೆ. ಹಿಡಿದು ಮೇಲಕ್ಕೆತ್ತಿದರೆ ಎದುರಿನವನ ಸೊಂಟ ಏಳುತ್ತದೆ. ಆಮೇಲೆ ಅವನ 150 ಕಿಲೋ ಅವನಿಗೇ ಹೊರೆ. 120 ಕಿಲೋ ಆಸುಪಾಸಿನ ಒಬ್ಬ ಸುಮೊದ ಅತ್ಯುನ್ನತ ಪದವಿಯಾದ ಯೊಕೊಜುನಾ ಆದದ್ದು, 1988ರಲ್ಲಿ ಸತತ 53 ಸೆಣಸು ಗೆದ್ದದ್ದು ಈ ಹಿಡಿತದ ಬಲದಿಂದ. ನೀವದನ್ನು ‘ಛಲ’ ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ.

ಭುಜದಿಂದ ಶುರುಮಾಡಿ ಹಿಡಿತಕ್ಕೆ ಬನ್ನಿ. ಆ ಎರಡು ಪ್ಯಾರಾಗಳನ್ನು ಒಂದಾಗಿ ಬರೆದು ಕಳಿಸಿ. ಜಾಗ ಸಾಲದಿದ್ದರೆ 31 ಪ್ರಶಸ್ತಿಗಳ ಪಟ್ಟಿ ಬಿಟ್ಟರೂ ಅಡ್ಡಿಯಿಲ್ಲ.