ಆ ಹಗೆಗೆ ಆರುನೂರು ವರ್ಷ ವಯಸ್ಸಾಗಿಲ್ಲ

ಪತ್ರ: ಕಳೆದ ಸಂಚಿಕೆಯಲ್ಲಿ 1990ರ ದಶಕದ ಬೋಸ್ನಿಯಾ ಯುದ್ಧದ ಕುರಿತ ಲೇಖನ ಓದಿದೆ. ಸರ್ಬರೂ ಮುಸ್ಲಿಮರೂ 1389ರ ಕೊಸೊವೊ ಯುದ್ಧದಿಂದ ಹಗೆ ಸಾಧಿಸಿಕೊಂಡೇ ಬಂದವರು. ಯುಗೊಸ್ಲಾವಿಯಾವನ್ನು ಆಳಿದ ಟಿಟೊ ಅದನ್ನು ಬಿಗಿಯಾಗಿ ಹಿಡಿದಿಟ್ಟಿದ್ದರು. ಅವರು ಹೋದ ಮೇಲೆ ಅದು ಭುಗಿಲೆದ್ದಿತು. ಇದಕ್ಕೆ ಇಷ್ಟು ಪುಟಗಳೇಕೆ?
– ನಿವೃತ್ತ ಇತಿಹಾಸ ಅಧ್ಯಾಪಕರು, ಶಿವಮೊಗ್ಗ

ಸಂಪಾದಕರ ಉತ್ತರ: ಮಾನ್ಯರೇ, ಅಷ್ಟು ದೂರದ ನಾಡಿನ ಲೇಖನವನ್ನು ಕೊನೆಯವರೆಗೂ ಓದಿ ತಕರಾರು ಎತ್ತಿದ್ದೀರಿ, ಸಂತೋಷ. ನಿಮ್ಮ ಮಾತಿನಲ್ಲಿ ಸತ್ಯಾಂಶವಿದೆ. 1941ರಿಂದ 1945ರವರೆಗೆ ನಾಜಿಗಳ ಬೆಂಬಲ ಪಡೆದ ಕ್ರೊಯೇಷಿಯಾದ ಉಸ್ತಾಶಾ ಆಡಳಿತ ಯಾಸೆನೊವಾಚ್ ಶಿಬಿರದಲ್ಲಿ ಸರ್ಬರನ್ನೂ ಯಹೂದಿಗಳನ್ನೂ ಹತ್ತಾರು ಸಾವಿರ ಸಂಖ್ಯೆಯಲ್ಲಿ ಕೊಂದಿತು. ಆ ನೆನಪು ಮನೆಮನೆಗಳಲ್ಲಿ ಉಳಿದಿತ್ತು.

ಆದರೆ ಇತಿಹಾಸ ಕಲಿಸಿದ ನೀವು 1389ರಲ್ಲೇ ನಿಂತುಬಿಟ್ಟದ್ದು ನನಗೆ ಬೇಸರ ತಂದಿತು. ಆಟೊಮನ್ ತುರ್ಕರ ವಿರುದ್ಧದ ಆ ಯುದ್ಧದಲ್ಲಿ ಮಡಿದ ಸರ್ಬ್ ದೊರೆ ಲಾಜರನ ಮಗಳು ಒಲಿವೇರಾ ಮುಂದೆ ಆಟೊಮನ್ ಸುಲ್ತಾನ ಬಾಯೆಜಿದನ ಮಡದಿಯಾದಳು. ಮಗ ಸ್ಟೆಫಾನ್ 1396ರಲ್ಲಿ ನಿಕೊಪೊಲಿಸ್‌ನಲ್ಲೂ 1402ರಲ್ಲಿ ಅಂಕಾರಾದಲ್ಲೂ ಅದೇ ಸುಲ್ತಾನನ ಪರವಾಗಿ ಕಾದಿದ. ತಂದೆ ಸತ್ತ ಹತ್ತೇ ಹದಿನೈದು ವರ್ಷಗಳಲ್ಲಿ ಮಗನಿಗೇ ಇಲ್ಲದ ಹಗೆ ಆರು ಶತಮಾನ ಉಳಿದು ಬಂತೇ?

ಬೋಸ್ನಿಯಾದ ರಾಜಧಾನಿ ಸರಾಯೆವೊ ನಗರವನ್ನೇ ನೋಡಿ. ಸ್ಪೇನ್ 1492ರಲ್ಲಿ ಹೊರಗಟ್ಟಿದ ಯಹೂದಿಗಳ ವಂಶದವರು ಮುಂದಿನ ಶತಮಾನದಲ್ಲಿ ಆಟೊಮನ್ನರ ಈ ಊರಿನಲ್ಲಿ ನೆಲೆ ನಿಂತರು. ಸ್ಪೇನಿನಲ್ಲಿ ಬರೆಸಿದ, ಹದಿನಾಲ್ಕನೇ ಶತಮಾನದ ಹಗ್ಗಾದಾ ಎಂಬ ಸಚಿತ್ರ ಧರ್ಮಗ್ರಂಥವೊಂದು ಕಾಲಾಂತರದಲ್ಲಿ ಅಲ್ಲಿನ ವಸ್ತುಸಂಗ್ರಹಾಲಯ ಸೇರಿತು. ಎರಡನೇ ಮಹಾಯುದ್ಧದಲ್ಲಿ ಅದನ್ನು ನಾಜಿಗಳ ಕೈಗೆ ಸಿಗದಂತೆ ಬಚ್ಚಿಟ್ಟವರು ದೆರ್ವಿಶ್ ಕೊರ್ಕುತ್ ಎಂಬ ಮುಸ್ಲಿಂ ಗ್ರಂಥಪಾಲಕರು. ಇನ್ನು 1992ರಲ್ಲಿ ಸರ್ಬ್ ಪಡೆಗಳು ಮುತ್ತಿಗೆ ಹಾಕಿದಾಗ ಊರನ್ನು ಕಾಯಲು ನಿಂತ ಸೇನಾಧಿಕಾರಿಗಳಲ್ಲಿ ಒಬ್ಬರಾದ ಯೋವಾನ್ ದಿವ್ಯಾಕ್ ಬೆಲ್‌ಗ್ರೇಡಿನಲ್ಲಿ ಹುಟ್ಟಿದ ಸರ್ಬರು! ಅದೇ ಆಗಸ್ಟ್‌ನಲ್ಲಿ ಬೆಟ್ಟದ ಮೇಲಿನ ಫಿರಂಗಿಗಳು ರಾಷ್ಟ್ರೀಯ ಗ್ರಂಥಾಲಯವನ್ನು ಸುಟ್ಟವು. ಲಕ್ಷಾಂತರ ಪುಸ್ತಕಗಳು ಬೂದಿಯಾದವು. ಇತಿಹಾಸದ ಆ ಪುಟವನ್ನು ಓದುವಾಗಲೆಲ್ಲ ನನಗೆ ಸಿಟ್ಟು ಉಕ್ಕುತ್ತದೆ.

ಹಾಗಾದರೆ ಕಿಚ್ಚು ಹಚ್ಚಿದವರು ಯಾರು? ಟಿಟೊ 1980ರಲ್ಲಿ ತೀರಿಕೊಂಡಾಗ ಯುಗೊಸ್ಲಾವಿಯಾದ ತಲೆಯ ಮೇಲೆ ಭಾರಿ ವಿದೇಶಿ ಸಾಲವಿತ್ತು. ಸಂಬಳ ಕರಗಿತು, 1989ರ ಹೊತ್ತಿಗೆ ಹಣದುಬ್ಬರ ಶೇಕಡಾ ಸಾವಿರವನ್ನು ದಾಟಿತು. ಆ ಹತಾಶೆಯನ್ನು ಬಂಡವಾಳ ಮಾಡಿಕೊಂಡವನು ಹಿಂದೆ ಬ್ಯಾಂಕಿನ ಅಧ್ಯಕ್ಷನಾಗಿದ್ದ ಸರ್ಬಿಯಾದ ಕಮ್ಯುನಿಸ್ಟ್ ಪಕ್ಷದ ನಾಯಕ ಸ್ಲೊಬೊದಾನ್ ಮಿಲೊಶೆವಿಚ್. 1987ರ ಏಪ್ರಿಲ್‌ನಲ್ಲಿ ಆ ಹಳೆಯ ರಣರಂಗದ ಬಳಿಯ ಕೊಸೊವೊ ಪೋಲ್ಯೆ ಊರಿಗೆ ಹೋಗಿ, ನಿಮ್ಮನ್ನು ಹೊಡೆಯುವ ಹಕ್ಕು ಯಾರಿಗೂ ಇಲ್ಲ ಎಂದು ಸರ್ಬರಿಗೆ ಅಭಯವಿತ್ತ. ಬೆಲ್‌ಗ್ರೇಡ್ ಟಿವಿ ಅದನ್ನು ಮತ್ತೆ ಮತ್ತೆ ತೋರಿಸಿತು. 1389 ಎಂಬ ಇಸವಿಗೆ ಹೊಸ ಜೀವ ಬಂದದ್ದು ಹೀಗೆ. ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್‌ನಲ್ಲಿ ಅಲ್ಲಿನ ರಾಷ್ಟ್ರವಾದಿ ನಾಯಕ ತುಜ್ಮಾನ್ ಕೂಡ ಸುಮ್ಮನಿರಲಿಲ್ಲ.

ಹಳೆಯ ಹಗೆಯ ಕಥೆಯಿಂದ ಕೈಕಟ್ಟಿ ಕುಳಿತವರಿಗೂ ಅನುಕೂಲವಾಯಿತು. ಬ್ರಿಟನ್ನಿನ ಪ್ರಧಾನಿ ಜಾನ್ ಮೇಜರ್ 1993ರಲ್ಲಿ ಸಂಸತ್ತಿನಲ್ಲಿ ಇದನ್ನೇ ಹೇಳಿದರು. ಎರಡು ವರ್ಷಗಳ ಬಳಿಕ, ವಿಶ್ವಸಂಸ್ಥೆ ಸುರಕ್ಷಿತ ವಲಯವೆಂದು ಸಾರಿದ್ದ ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ ಎಂಟು ಸಾವಿರದಷ್ಟು ಮುಸ್ಲಿಂ ಗಂಡಸರು, ಹುಡುಗರು ಸರ್ಬ್ ಪಡೆಗಳಿಂದ ಹತರಾದರು.

ನಮ್ಮ ಪಠ್ಯಪುಸ್ತಕಗಳಿಗೆ ಸರಾಯೆವೊ ಎಂದರೆ 1914ರ ಆ ಒಂದು ಕೊಲೆ. ನಮ್ಮ ಪತ್ರಿಕೆಗಳಿಗೆ ಬಾಲ್ಕನ್ ಎಂದರೆ ಸುದ್ದಿಸಂಸ್ಥೆ ಕಳಿಸಿದ ನಾಲ್ಕು ಸಾಲು. ನೆಹರೂ, ಈಜಿಪ್ಟಿನ ನಾಸೆರ್, ಟಿಟೊ 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಒಟ್ಟಿಗೆ ಕುಳಿತು ಅಲಿಪ್ತ ಚಳವಳಿ ಆರಂಭಿಸಿದ್ದನ್ನು ಯಾವ ತರಗತಿಯಲ್ಲಿ ವಿವರವಾಗಿ ಹೇಳುತ್ತಾರೆ? ಯುಗೊಸ್ಲಾವಿಯಾಕ್ಕೆ ಹೋದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕ ನಮ್ಮ ಸೇನೆಯ ಸತೀಶ್ ನಂಬಿಯಾರ್ ಎಂಬುದು ಎಷ್ಟು ಜನರಿಗೆ ಗೊತ್ತು?

ಈ ವಾದ ನಿಮಗೆ ಒಪ್ಪಿಗೆಯಾಗದಿದ್ದರೆ, 1980ರ ದಶಕವನ್ನೊಮ್ಮೆ ಓದಿ ನೀವೇ ಉತ್ತರ ಬರೆಯಿರಿ. ಬರುವ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಮೀಸಲಿಡುತ್ತೇನೆ.